ಮೀನಿನ ಡಬ್ಬಿಯಲ್ಲಿ ಲೋಳೆಸರ

ನಲವತ್ತು ಚಳಿಗಾಲ ನಾನು ಕೊಯ್ದದ್ದೇ ಕೊಯ್ದದ್ದು.
ಕರೂ ಸೀಮೆಯ ಈ ಕಲ್ಲುದಿಬ್ಬದ ಮೇಲೆ
ನೆಲದಲ್ಲೊಂದು ಗುಳಿ ತೋಡಿ, ಆಡಿನ ಚರ್ಮ ಹಾಸಿ,
ಸುತ್ತಲೂ ಲೋಳೆಸರದ ಎಲೆ ಪೇರಿಸಿ, ಕೊಯ್ದ ಬಾಯಿ ಒಳಗಡೆಗೆ,
ಆಮೇಲೆ ಸುಮ್ಮನೆ ಕೂತು ಕಾಯುವುದು.
ಹಳದಿ ರಸ ತೊಟ್ಟು ತೊಟ್ಟಾಗಿ ಇಳಿಯಬೇಕು,
ಡಬ್ಬ ತುಂಬಬೇಕು, ಶನಿವಾರ ವ್ಯಾಪಾರಿ ಬರಬೇಕು.
ಕೈಯ ಕಹಿ ಯಾವ ಸಾಬೂನಿಗೂ ಬಗ್ಗಲಿಲ್ಲ.
ಬ್ರೆಡ್ಡು ಕಹಿ, ತಂಬಾಕು ಕಹಿ,
ಮದುವೆಯ ರಾತ್ರಿ ಡೋರ್ಕಾಸ್ ನನ್ನ ಬೆರಳಿಗೆ ಮುತ್ತಿಟ್ಟು
ಮುಖ ಕಿವಿಚಿದ್ದು ಇಡೀ ಓಣಿಗೆ ಗೊತ್ತು.
ಹೇಳಿಕೊಂಡು ನಕ್ಕವಳು ಅವಳೇ.

ಈಗ ಭುಜ ಏಳುವುದಿಲ್ಲ.
ಬಾಗಿಲ ಹಿಂದೆ ಕುಡುಗೋಲನ್ನು ತುಕ್ಕು ಮೇಯುತ್ತಿದೆ.

ಸೆಪ್ಟೆಂಬರಿನ ಕೊನೆಗೆ, ಕೆರೆ ಏರಿಯ ಹಿಂದಿನ ಗಿಡದಲ್ಲಿ
ಕಾಯಿ ಮೂರು ಸೀಳಾಗಿ ಬಿರಿಯಿತು.
ಅದೊಂದನ್ನು ನಾನೆಂದೂ ಕೊಯ್ದಿರಲಿಲ್ಲ,
ಕರುಣೆಯಿಂದಲ್ಲ, ಬುಡದಲ್ಲಿ ಹಾವಿತ್ತು.
ಕಾಗದದ ಚೀಲ ಹಿಡಿದು ಅಲುಗಿಸಿದೆ.
ಬೀಜವೋ ತಂಬಾಕಿನ ಪುಡಿಯೋ!
ಒಣ ಪೊರೆಯ ರೆಕ್ಕೆ, ನಡುವೆ ಒಂದು ಕಪ್ಪು ಚುಕ್ಕೆ.
ಪಕ್ಕದ ಮನೆಯ ದ್ರೀಕಾ ಬಗ್ಗಿ ನೋಡಿ ಸೀನಿದಳು.
ಅರ್ಧ ಫಸಲು ಹೋಯಿತು.

ಬಿತ್ತಲು ಕಲಿಸಿದವಳೂ ಅವಳೇ,
ಸ್ಟೇಷನ್ ಮಾಸ್ತರರ ತೋಟದಲ್ಲಿ ಹತ್ತು ವರ್ಷ ಕಳೆ ಕಿತ್ತವಳು.
ಮೀನಿನ ಚಪ್ಪಟೆ ಡಬ್ಬಿ, ತಳಕ್ಕೆ ಮೊಳೆಯಿಂದ ಒಂಬತ್ತು ತೂತು,
ಹೊಳೆಯ ಮರಳು, ನಯದ್ದಲ್ಲ,
ಹಲ್ಲಿಗೆ ಸಿಕ್ಕರೆ ಕಟಕ್ಕೆನ್ನುವಂಥದ್ದು,
ಅದರ ಮೇಲೆ ಬೀಜ, ಬೀಜದ ಮೇಲೆ ಚಿಟಿಕೆ ಮರಳು.
“ಹೂಳಬೇಡ, ಅದೇನು ಹೆಣವೆ? ಹೊದಿಸು, ಸಾಕು.”
ಡಬ್ಬಿಯನ್ನು ನೀರಲ್ಲಿ ಕೂರಿಸಿ ತಳದಿಂದ ಕುಡಿಸಿದೆವು,
ಒಡೆದ ಕಿಟಕಿಯ ಗಾಜು ಮುಚ್ಚಿದೆವು.

ಹನ್ನೊಂದನೆಯ ದಿನ, ಹುಲ್ಲು ಬಂತು ಎಂದುಕೊಂಡೆ.
ಕಿತ್ತೇಬಿಡುತ್ತಿದ್ದೆ. ಕನ್ನಡಕ ಹಾಕಿಕೊಂಡೆ.
ಆಳೆತ್ತರ ಮೀರಿದ, ಮುಳ್ಳು ಮಸೆದ, ಬರಕ್ಕೂ ಜಗ್ಗದ ಆ ದೈತ್ಯರು
ಹೀಗೆ ಶುರುವಾಗುತ್ತಾರೆಂದು
ಅವರ ನಡುವೆಯೇ ತಿರುಗಿದವನಿಗೆ ಗೊತ್ತಿರಲಿಲ್ಲ.
ದಿಬ್ಬದ ಮೇಲೆ ಬೂಟಿನಡಿ ಎಷ್ಟನ್ನು ತುಳಿದೆನೋ.

ಆಮೇಲಿನದು ಕಳಕೊಂಡ ಲೆಕ್ಕ.
ಗಾಜು ಸರಿಸಲು ಮರೆತ ಒಂದು ರಾತ್ರಿ
ಬುಡ ಕೊಳೆತು ಇಪ್ಪತ್ತು ಮಲಗಿದವು.
ಬಿಸಿಲಿನ ಮಕ್ಕಳಲ್ಲವೆ ಎಂದು ಒಮ್ಮೆಲೇ ಅಂಗಳಕ್ಕಿಟ್ಟೆ,
ಮಧ್ಯಾಹ್ನದೊಳಗೆ ಇಟ್ಟಿಗೆಯ ಬಣ್ಣ.
ಬಿಸಿಲಿನ ಗಿಡಕ್ಕೂ ಬಿಸಿಲನ್ನು ಕಲಿಸಬೇಕಂತೆ.
ಬೆಳಿಗ್ಗೆ ಒಂದು ತಾಸು ಪಾಠ, ಉಳಿದ ಹೊತ್ತು
ಡೋರ್ಕಾಸ್ ಹೆಣೆದಿದ್ದ ಕಿಟಕಿ ಪರದೆಯ ನೆರಳು.

ಎರಡನೆಯ ಚಳಿಗಾಲಕ್ಕೆ ಉಳಿದದ್ದು ಏಳು.
ಆರರದು ಒಂದೇ ಮುಖ.
ಏಳನೆಯದರ ಮೈತುಂಬ ಬಿಳಿ ಮಚ್ಚೆ,
ದ್ರೀಕಾಳ ಬೇಲಿಯ ಕುಳ್ಳ ಲೋಳೆಸರದ ಹಾಗೇ.
“ಸೂರಕ್ಕಿ ಮಾಡಿಸಿದ ಮದುವೆ,” ಎಂದಳು, “ಪಾದ್ರಿಯನ್ನು ಕೇಳದೆ.”
ಜಾತಿ ಕೆಟ್ಟದ್ದು, ಎಸೆ, ಎಂದ ನರ್ಸರಿಯವನು.
ನಾನು ಅದಕ್ಕೇ ದೊಡ್ಡ ಡಬ್ಬಿ ಕೊಟ್ಟೆ.

ಹೂ ಬಿಡಲು ಇನ್ನೂ ನಾಲ್ಕೈದು ವರ್ಷ.
ನನ್ನ ಎಪ್ಪತ್ತೊಂದಕ್ಕೆ ಅದನ್ನು ಕೂಡಿಸಿ ನೋಡಿದ್ದು ದ್ರೀಕಾ,
ನಾನಲ್ಲ.

ನಿನ್ನೆ ಡಬ್ಬಿ ಬದಲಿಸುವಾಗ ಮಚ್ಚೆಯವನ ಒಂದೆಲೆ ಮುರಿಯಿತು,
ಕಿರುಬೆರಳಿನ ಉಗುರಿನಷ್ಟು.
ಅಂಚಿನಲ್ಲಿ ಒಂದೇ ಒಂದು ಹಳದಿ ಹನಿ.
ಅಭ್ಯಾಸ ನೋಡಿ, ಕೈ ತಾನಾಗಿ ಬಟ್ಟಲಾಯಿತು.
ನಾಲಿಗೆಗೆ ಮುಟ್ಟಿಸಿದೆ.
ಅಯ್ಯೋ, ಇಷ್ಟು ಚಿಕ್ಕದಕ್ಕೆ
ಆಗಲೇ ಅಷ್ಟೂ ಕಹಿ.

ಮುಖ ಕಿವಿಚಿದ್ದು ನನಗೇ ಗೊತ್ತಾಯಿತು,
ಯಾರ ಹಾಗೆ ಎಂಬುದೂ.
ಬೇಲಿಯಾಚೆಯಿಂದ ದ್ರೀಕಾ, ಏನಾಯಿತು ಎಂದಳು.
ಏನಿಲ್ಲ ಎಂದೆ.
ಮರಳು ತರಲು ಎದ್ದೆ.